ರಾಜಕಾಲುವೆ ಪಕ್ಕ ಬಿದ್ದಿದ್ದ ಶಾಸನ ಎದ್ದು ನಿಂತ ಕಥೆ

ನಮ್ಮ ಬಡಾವಣೆಯ ಪಕ್ಕದಲ್ಲಿ ರಾಜಕಾಲುವೆ ಬದಿಗೆ ಬಿದ್ದಿದ್ದ ಒಂದು ಶಾಸನದ ಕಲ್ಲನ್ನು ಎತ್ತಿ ನಿಲ್ಲಿಸೋಕೆ ನಮಗೆ ಹನ್ನೊಂದು ತಿಂಗಳು ಹಿಡಿಯಿತು. ಈಚೆಗೆ ಇಬ್ಬರು ಮೂವರು ಫೋನ್ ಮಾಡಿ "ನಮ್ಮೂರಲ್ಲೂ ಅಂಥ ಒಂದು ಕಲ್ಲಿದೆ, ಎಲ್ಲಿಂದ ಶುರು ಮಾಡೋದು" ಅಂತ ಕೇಳಿದರು. ಪ್ರತಿ ಸಲ ಫೋನಿನಲ್ಲಿ ಹೇಳುವಾಗ ಏನಾದರೂ ಒಂದು ಬಿಟ್ಟುಹೋಗುತ್ತಿತ್ತು. ಅದಕ್ಕೇ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಇತಿಹಾಸ ಓದಿದವಳಲ್ಲ. ಹಳಗನ್ನಡದ ಲಿಪಿ ಆಗ ಒಂದಕ್ಷರವೂ ಗೊತ್ತಿರಲಿಲ್ಲ.

ಹೋದ ವರ್ಷ ಸೆಪ್ಟೆಂಬರ್. ಎರಡು ದಿನ ಜೋರು ಮಳೆ ಬಂದು ನಿಂತಿತ್ತು. ಯಲಹಂಕದಿಂದ ಆಚೆ ನಾವಿರುವ ಕಡೆ ರಾಜಕಾಲುವೆ ಅಗಲ ಮಾಡುವ ಕೆಲಸ ನಡೆಯುತ್ತಿತ್ತು. ಬೆಳಗ್ಗೆ ವಾಕಿಂಗ್ ಹೋಗುವಾಗ ನೋಡಿದರೆ, ಜೆಸಿಬಿ ತೆಗೆದು ಹಾಕಿದ್ದ ಮಣ್ಣಿನ ಗುಡ್ಡೆ ಪಕ್ಕ ಒಂದು ದೊಡ್ಡ ಚಪ್ಪಡಿ ಅಂಗಾತ ಬಿದ್ದಿದೆ. ಮಳೆ ನೀರಿಗೆ ಅರ್ಧ ಮಣ್ಣು ತೊಳೆದುಹೋಗಿತ್ತು. ತುದಿಯಲ್ಲಿ ಒಂದು ದುಂಡು, ಅದರ ಪಕ್ಕ ಒಂದು ಅರ್ಧ ದುಂಡು. ಸೂರ್ಯ, ಚಂದ್ರ. ಅದರ ಕೆಳಗೆ ಸಾಲು ಸಾಲಾಗಿ ಏನೋ ಕೆತ್ತಿದ ಹಾಗೆ ಕಾಣುತ್ತಿತ್ತು.

ಸೂರ್ಯ ಚಂದ್ರ ನೋಡಿದ ತಕ್ಷಣ ನನಗೆ ಶಾಸನ ಅಂತ ಹೊಳೆದದ್ದು ನಮ್ಮಪ್ಪನಿಂದ. ನಾನು ಆರನೇ ಕ್ಲಾಸಿನಲ್ಲಿದ್ದಾಗ ಅವರು ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂಗೆ ಕರೆದುಕೊಂಡು ಹೋಗಿ ಆತಕೂರಿನ ಕಲ್ಲು ತೋರಿಸಿದ್ದರು. ಹತ್ತನೇ ಶತಮಾನದ ಕಲ್ಲು. ಅದರಲ್ಲಿ ಕಾಳಿ ಅನ್ನೋ ನಾಯಿ ಹಂದಿಯ ಜೊತೆ ಹೋರಾಡಿ ಸತ್ತದ್ದು ಕೆತ್ತಿದೆ. "ನೋಡಮ್ಮ, ಸಾವಿರ ವರ್ಷದ ಹಿಂದಿನ ನಾಯಿ. ಹೆಸರು ಇನ್ನೂ ಇದೆ" ಅಂದಿದ್ದರು ಅಪ್ಪ. ಆ ಮಾತು ಆಮೇಲೆ ಈ ಹನ್ನೊಂದು ತಿಂಗಳಲ್ಲಿ ಎಷ್ಟು ಸಲ ನೆನಪಾಯಿತೋ.

ಬಾಟಲಿಯಲ್ಲಿದ್ದ ನೀರು ಹಾಕಿ ಅಂಗೈಯಲ್ಲಿ ಮಣ್ಣು ಸರಿಸಿದೆ. ಅಕ್ಷರಗಳು ಬೆರಳಿಗೆ ಸಿಕ್ಕವು. ಕಣ್ಣಿಗಿಂತ ಮೊದಲು ಬೆರಳಿಗೆ ಸಿಗುತ್ತವೆ ಅವು. ಹಾಗೇ ಸವರುತ್ತಾ ಹೋದಾಗ ಒಂದು ಕಡೆ ಬೆರಳಿಗೆ ಚುಚ್ಚಿತು. ಮೂರನೇ ಸಾಲಿನಿಂದ ಐದನೇ ಸಾಲಿನವರೆಗೆ ಓರೆಯಾಗಿ ಒಂದು ಹೊಸ ಗೀರು. ಕಲ್ಲೆಲ್ಲ ಕಂದುಗಪ್ಪು, ಗೀರಿನೊಳಗೆ ಮಾತ್ರ ಬೂದು ಬಿಳುಪು, ಕಲ್ಲುಪ್ಪಿನ ಹರಳಿನ ಹಾಗೆ ಮಿನುಗುತ್ತಿತ್ತು. ಜೆಸಿಬಿ ಬಕೆಟ್ಟಿನ ಹಲ್ಲು ತಾಗಿದ ಗುರುತು. ಹಿಂದಿನ ದಿನವೋ, ಅದರ ಹಿಂದಿನ ದಿನವೋ ಆಗಿದ್ದು. ಐನೂರು ಚಿಲ್ಲರೆ ವರ್ಷ ಏನೂ ಆಗದೆ ಇದ್ದದ್ದಕ್ಕೆ ನಾನು ನೋಡುವ ಒಂದು ದಿನ ಮುಂಚೆ ಗೀರು ಬಿದ್ದಿತ್ತು.

ಕೆಲಸದ ಮೇಸ್ತ್ರಿ ಬಂದರು. ಒಳ್ಳೆಯ ಮನುಷ್ಯರೇ. "ಕಲ್ಲು ತಾನೇ ಮೇಡಂ, ತಡೆಗೋಡೆ ತಳಕ್ಕೆ ಹಾಕೋಣ ಅಂತಿದ್ವಿ, ಒಳ್ಳೆ ಗಟ್ಟಿ ಕಲ್ಲು" ಅಂದರು. ಇದರಲ್ಲಿ ಬರವಣಿಗೆ ಇದೆ ಅಣ್ಣ, ಹಳೇ ಕಾಲದ್ದು, ಸ್ವಲ್ಪ ದಿನ ಮುಟ್ಟಬೇಡಿ ಅಂತ ಕೇಳಿಕೊಂಡೆ. ಮೂರು ದಿನ ಟೈಮ್ ಕೊಡ್ತೀನಿ, ಆಮೇಲೆ ನನ್ನ ಕೈಲಿಲ್ಲ ಅಂದರು.

ಮೂರು ದಿನದಲ್ಲಿ ಏನಾಗುತ್ತೆ? ಆಗ ಕೈ ಹಿಡಿದವರು ನಮ್ಮ ಬೀದಿಗೆ ಹಾಲು ಹಾಕುವ ಅಜ್ಜಿ. ಹಳೇ ಊರಿನವರು. ಎಪ್ಪತ್ತು ದಾಟಿದೆ. ಕಲ್ಲಿನ ಹತ್ತಿರ ನಾನು ನಿಂತದ್ದು ನೋಡಿ ಬಂದು, "ಅದು ಕೆರೆ ಏರಿ ಮೇಲಿದ್ದ ಕಲ್ಲು ಕಣವ್ವ. ನಮ್ಮತ್ತೆ ಕಾಲದಾಗೆ ಮಳೆ ಬರ್ಲಿಲ್ಲ ಅಂದ್ರೆ ಅದುಕ್ಕೆ ನೀರು ಹುಯ್ತಿದ್ರು" ಅಂದರು. ಮನೆಗೆ ಹೋಗಿ ಅರಿಶಿನ ಕುಂಕುಮ, ಎರಡು ದಾಸವಾಳ ತಂದರು. ಅಕ್ಷರದ ಮೇಲೆ ಹಚ್ಚಬೇಡಿ ಅಜ್ಜಿ, ಮೇಲ್ಗಡೆ ಅಂಚಿಗೆ ಮಾತ್ರ ಇಡಿ ಅಂದೆ. ಹಾಗೇ ಮಾಡಿದರು. "ಇನ್ನು ಯಾವನೂ ಮುಟ್ಟಲ್ಲ ಹೋಗು" ಅಂದರು. ನಿಜ, ಯಾರೂ ಮುಟ್ಟಲಿಲ್ಲ. ಕಾನೂನಿನ ಕಾಗದ ಬರುವ ಮುಂಚೆ ಆ ಕಲ್ಲನ್ನು ಉಳಿಸಿದ್ದು ಒಂದು ಚಿಟಿಕೆ ಕುಂಕುಮ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ತುಂಬಾ ಜನ ಇಲ್ಲೇ ತಪ್ಪುತ್ತಾರೆ. ಕಲ್ಲು ಸಿಕ್ಕಿತು ಅಂತ ಖುಷಿಯಲ್ಲಿ ತಂತಿ ಬ್ರಷ್ ಹಾಕಿ ಉಜ್ಜಬೇಡಿ. ಆಸಿಡ್ ಹಾಕಬೇಡಿ. ಅಕ್ಷರ ಎದ್ದು ಕಾಣಲಿ ಅಂತ ಎನಾಮಲ್ ಪೇಂಟ್ ತುಂಬಬೇಡಿ. ಬೆಂಗಳೂರು ಸುತ್ತಮುತ್ತ ಬಳಿದ ಪೇಂಟಿನಿಂದಲೇ ಓದಲಾಗದ ಹಾಗೆ ಆದ ಕಲ್ಲುಗಳನ್ನು ನಾನು ಆಮೇಲೆ ಕಣ್ಣಾರೆ ನೋಡಿದೆ. ಬಳಿಯುವವರು ತಮಗೆ ಕಂಡ ಅಕ್ಷರ ತಿದ್ದಿರುತ್ತಾರೆ, ಇದ್ದ ಅಕ್ಷರ ಅಲ್ಲ. ನೀರು, ಮೆತ್ತನೆ ಬ್ರಷ್ಷು, ತಾಳ್ಮೆ. ಇಷ್ಟೇ ಸಾಕು. ಫೋಟೋ ತೆಗೆಯಿರಿ, ಜಾಗದ ಲೊಕೇಶನ್ ಮೊಬೈಲಿನಲ್ಲಿ ಉಳಿಸಿಕೊಳ್ಳಿ, ಅಗಲ ಎತ್ತರ ಟೇಪು ಹಿಡಿದು ಬರೆದಿಡಿ. ನಮ್ಮದು ಐದಡಿ ಎತ್ತರ, ಎರಡೂವರೆ ಅಡಿ ಅಗಲ, ಎಂಟು ಇಂಚು ದಪ್ಪ.

ಆ ಶನಿವಾರ ನೃಪತುಂಗ ರಸ್ತೆಗೆ ಹೋದೆ. ಅಲ್ಲಿ ಡೇಲಿ ಮೆಮೋರಿಯಲ್ ಹಾಲ್ ಅಂತ ಕಟ್ಟಡ ಇದೆ, ಇತಿಹಾಸದ ಅಧ್ಯಯನ ಮಾಡುವ ಮಿಥಿಕ್ ಸೊಸೈಟಿಯದು. ಸಂಸ್ಥೆ ಶುರುವಾದದ್ದು 1909ರಲ್ಲಿ. ಆ ಕಟ್ಟಡದ ಮುಂದೆ ನಾನು ಬಸ್ಸಿನಲ್ಲಿ ಸಾವಿರ ಸಲ ಹೋಗಿದ್ದೇನೆ, ಒಳಗೆ ಕಾಲಿಟ್ಟಿರಲಿಲ್ಲ. ಅಲ್ಲಿ ಲೈಬ್ರರಿ ಇದೆ ಅಂತ ಗೊತ್ತಾಗಿ ಹೋದದ್ದು. ಹುಡುಕಬೇಕಾಗಿದ್ದು ಎಪಿಗ್ರಾಫಿಯಾ ಕರ್ನಾಟಿಕಾ ಅನ್ನುವ ಶಾಸನಗಳ ಪುಸ್ತಕಮಾಲೆಯ ಒಂಬತ್ತನೇ ಸಂಪುಟ. ಬೆಂಗಳೂರು ಜಿಲ್ಲೆಯ ಶಾಸನಗಳು ಅದರಲ್ಲಿವೆ, ಅಚ್ಚಾದದ್ದು 1905ರಲ್ಲಿ. ಮಾಡಿಸಿದವರು ಬಿ.ಎಲ್. ರೈಸ್. 1837ರಲ್ಲಿ ನಮ್ಮ ಬೆಂಗಳೂರಿನಲ್ಲೇ ಹುಟ್ಟಿದವರು, ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆ ನೋಡಿಕೊಂಡವರು. ಹಳ್ಳಿ ಹಳ್ಳಿಗೂ ಜನರನ್ನು ಕಳಿಸಿ, ಎಂಟೂವರೆ ಸಾವಿರಕ್ಕೂ ಜಾಸ್ತಿ ಶಾಸನಗಳನ್ನು ಅಚ್ಚು ತೆಗೆಸಿ ಪುಸ್ತಕ ಮಾಡಿದವರು. ಜೀಪಿಲ್ಲ, ಫೋನಿಲ್ಲ. ಗಾಡಿ ದಾರಿಯಲ್ಲಿ ಕಾಗದ, ಮಸಿ ಹೊತ್ತುಕೊಂಡು ಹೋಗಿ ಒಂದೊಂದು ಕಲ್ಲಿನ ಮುಂದೆ ಕೂತು ಮಾಡಿದ ಕೆಲಸ ಅದು. ತಾಲ್ಲೂಕು, ಊರು, ನಂಬರು, ಕನ್ನಡದಲ್ಲಿ ಪಾಠ, ಇಂಗ್ಲಿಷಿನಲ್ಲಿ ಅನುವಾದ, ಎಲ್ಲ ಇದೆ. ಆ ಪುಸ್ತಕ ಕೈಗೆ ಬಂದಾಗ ಏನೋ ಒಂಥರಾ ಆಯಿತು. ನಾನು ಓದಿದ ಸ್ಕೂಲಿನ ಏರಿಯಾ, ಮದುವೆ ಆದ ಛತ್ರದ ಏರಿಯಾ, ಅಕ್ಕನ ಮನೆ ಏರಿಯಾ, ಎಲ್ಲಾ ಕಡೆ ಕಲ್ಲುಗಳಿದ್ದವು.

ನಮ್ಮ ಊರಿನ ಹೆಸರು ಹುಡುಕಿದೆ. ಅಕ್ಕಪಕ್ಕದ ಹಳ್ಳಿಗಳು ಸಿಕ್ಕವು. ನಮ್ಮದು ಸಿಗಲಿಲ್ಲ. ಹೊಸಬಳಾದ ನಾನು ಎಲ್ಲೋ ತಪ್ಪಿರಬೇಕು ಅಂತ ಎರಡು ಸಲ ನೋಡಿದೆ. ಇರಲಿಲ್ಲ. ಲೈಬ್ರರಿಯಲ್ಲಿದ್ದ ಒಬ್ಬ ಹಿರಿಯರನ್ನು ಕೇಳಿದೆ. "ಆಗ ಏರಿಯ ಮೇಲೆ ಬಿದ್ದು ಪೊದೆ ಮುಚ್ಚಿದ್ದಿರಬಹುದಮ್ಮ. ಹಾಗಾದ್ರೆ ಅದು ಎಲ್ಲೂ ದಾಖಲಾಗಿಲ್ಲ. ಬೇಗ ಸ್ಕ್ಯಾನ್ ಮಾಡಿಸಿ" ಅಂದರು. ಪುಸ್ತಕದಲ್ಲಿ ಇದ್ದಿದ್ದರೆ ಕಲ್ಲಿನ ಮೇಲೆ ಗೀರು ಬಿದ್ದರೂ ಪಾಠ ಉಳಿದಿರುತ್ತಿತ್ತು ಅಲ್ವಾ. ಇಲ್ಲ ಅಂದರೆ, ಗೀರು ಬಿದ್ದ ಕಡೆ ಇದ್ದದ್ದು ಹೋದ ಹಾಗೇ. ಅದು ಆ ಬೆಂಚಿನ ಮೇಲೆ ಕೂತಾಗ ಅರ್ಥ ಆಯಿತು.

ಕಚೇರಿಗಳ ಸುತ್ತಾಟದ ಬಗ್ಗೆ ಜಾಸ್ತಿ ಬರೆಯಲ್ಲ. ಒಂದು ಕಚೇರಿಯಲ್ಲಿ "ಇದು ನಮ್ಮ ಪಟ್ಟಿಯಲ್ಲಿ ಇಲ್ಲ" ಅಂದರು, ಇನ್ನೊಂದು ಕಡೆ ಅರ್ಜಿ ತೆಗೆದುಕೊಂಡು ಸೀಲ್ ಹಾಕಿ ಕೊಟ್ಟರು, ನಾಲ್ಕು ಸಲ ಹೋದರೂ ಅದೇ ಸೀಲು. ಆದರೆ ಆ ಸೀಲ್ ಹಾಕಿದ ಕಾಗದ ಮಾತ್ರ ಬಹಳ ಕೆಲಸಕ್ಕೆ ಬಂತು. ಅದನ್ನು ತೋರಿಸಿದ ಮೇಲೆ ಮೇಸ್ತ್ರಿ ಕಲ್ಲನ್ನು ಗೋಡೆಗೆ ಹಾಕುವ ಮಾತು ಬಿಟ್ಟರು. ಆದ್ದರಿಂದ ಬಾಯಿಮಾತಿನಲ್ಲಿ ಮುಗಿಸಬೇಡಿ, ಕಾಗದದಲ್ಲಿ ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ.

ಈ ಓಡಾಟದಲ್ಲಿ ಕಾನೂನು ಸ್ವಲ್ಪ ಗೊತ್ತಾಯಿತು. ಕೇಂದ್ರದ 1958ರ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಶಾಸನವೂ ಪ್ರಾಚೀನ ಸ್ಮಾರಕದ ವಿವರಣೆಯೊಳಗೆ ಬರುತ್ತದೆ. ರಾಜ್ಯದ್ದು 1961ರ ಕಾಯ್ದೆ ಬೇರೆ ಇದೆ. ಆದರೆ ರಕ್ಷಿತ ಸ್ಮಾರಕ ಅಂತ ಘೋಷಣೆ ಆದರೆ ಮಾತ್ರ ಪೂರ್ತಿ ರಕ್ಷಣೆ. ಟಿಪ್ಪು ಅರಮನೆ, ಕೋಟೆ ಇವೆಲ್ಲ ಹಾಗೆ ಘೋಷಣೆ ಆದವು. ಊರ ಬಾಗಿಲಲ್ಲಿ, ಗದ್ದೆ ಬದುವಿನಲ್ಲಿ, ಬಟ್ಟೆ ಒಗೆಯುವ ಜಾಗದಲ್ಲಿ ಇರುವ ಹೆಚ್ಚಿನ ಕಲ್ಲುಗಳಿಗೆ ಆ ಭಾಗ್ಯ ಇಲ್ಲ. ಅವುಗಳಿಗೆ ಇರುವವರು ಊರಿನವರು, ಮತ್ತೆ ಮಿಥಿಕ್ ಸೊಸೈಟಿಯಂಥ ಸಂಸ್ಥೆಗಳು.

ಮಿಥಿಕ್ ಸೊಸೈಟಿಯವರು ಬೆಂಗಳೂರು ಸುತ್ತಲಿನ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡಿ ಯಾರು ಬೇಕಾದರೂ ನೋಡುವ ಹಾಗೆ ಇಡುತ್ತಿದ್ದಾರೆ. ಅವರಿಗೆ ಫೋಟೋ, ಅಳತೆ, ಲೊಕೇಶನ್ ಕಳಿಸಿದೆ. ಬಂದರು. ದುಡ್ಡು ಕೇಳಲಿಲ್ಲ. ಬಂದದ್ದು ಸಂಜೆ. ಬಿಸಿಲಿನಲ್ಲಿ ಸ್ಕ್ಯಾನರ್ ಬೆಳಕು ಕಲ್ಲಿನ ಮೇಲೆ ಸರಿಯಾಗಿ ನಿಲ್ಲಲ್ಲ ಅಂತೆ, ಹೊತ್ತು ಮುಳುಗಬೇಕು.

ಕತ್ತಲಾಗುವವರೆಗೆ ಅವರಲ್ಲೊಬ್ಬರು ನನಗೆ ಒಂದು ವಿದ್ಯೆ ಹೇಳಿಕೊಟ್ಟರು. ಟಾರ್ಚನ್ನು ಕಲ್ಲಿನ ಎದುರಿಗೆ ಹಿಡಿಯಬಾರದು. ಕಲ್ಲಿಗೆ ತಾಗಿಸಿದ ಹಾಗೆ ಪಕ್ಕದಿಂದ, ಅಡ್ಡಡ್ಡ ಹಿಡಿಯಬೇಕು. ಹಿಡಿದರು. ಅಷ್ಟು ಹೊತ್ತು ಸುಮ್ನೆ ಒರಟು ಬಂಡೆಯಂತೆ ಮಲಗಿದ್ದ ಕಲ್ಲಿನ ಒಂದೊಂದು ಗುಳಿಯಲ್ಲೂ ನೆರಳು ತುಂಬಿ, ಸಾಲಿಗೆ ಸಾಲು ಅಕ್ಷರ ಎದ್ದುಬಿಟ್ಟವು. ಟಾರ್ಚು ಈ ಕಡೆಯಿಂದ ಆ ಕಡೆಗೆ ತಂದರೆ ಬೇರೆ ಗೆರೆಗಳು ಕಾಣುತ್ತವೆ. ನಮ್ಮ ಬೀದಿಯ ಮಕ್ಕಳು ಏಳೆಂಟು ಜನ ಸುತ್ತ ಕೂತಿದ್ದರು. ಎಲ್ಲರೂ ಒಟ್ಟಿಗೆ "ಓ" ಅಂದರು. ಒಬ್ಬ ಹುಡುಗ "ಆಂಟಿ, ಇದು 'ರ', ನಮ್ಮ 'ರ' ಥರಾನೇ ಇದೆ" ಅಂತ ಬೆರಳಿಟ್ಟ. ಸರಿಯಾಗಿಯೇ ಹೇಳಿದ್ದ.

ಆಮೇಲೆ ಸ್ಕ್ಯಾನರ್. ಇಸ್ತ್ರಿ ಪೆಟ್ಟಿಗೆಯಷ್ಟು ದಪ್ಪದ ಒಂದು ಸಾಧನ, ಅದರಿಂದ ಬೆಳಕು ಪಟಪಟ ಮಿನುಗುತ್ತದೆ. ಸುಣ್ಣ ಹೊಡೆಯುವವರು ಕೈ ಆಡಿಸಿದ ಹಾಗೆ ಮೇಲಿಂದ ಕೆಳಗೆ ನಿಧಾನ ಆಡಿಸುತ್ತಾರೆ. ಲ್ಯಾಪ್‌ಟಾಪಿನಲ್ಲಿ ಕಲ್ಲು ತುಂಡು ತುಂಡಾಗಿ ಮೂಡುತ್ತಾ ಬರುತ್ತದೆ. ಬಣ್ಣ ಎಲ್ಲ ತೆಗೆದು ಬರೀ ಬೂದಿಯ ಕಲ್ಲು ಮಾಡಿ, ಬೆಳಕನ್ನು ಬೇಕಾದ ದಿಕ್ಕಿಗೆ ತಿರುಗಿಸಿ ನೋಡಬಹುದು. ಕೂದಲೆಳೆಯಷ್ಟು ಸವೆದ ಗೆರೆಯೂ ಹಿಡಿಯುತ್ತದೆ. ಹಿಂದೆಲ್ಲ ಒದ್ದೆ ಕಾಗದ ಕಲ್ಲಿಗೆ ಅಂಟಿಸಿ, ಬ್ರಷ್ಷಿನಿಂದ ತಟ್ಟಿ ತಟ್ಟಿ ಅಕ್ಷರದ ಗುಳಿಗೆ ಇಳಿಸಿ, ಮಸಿ ಹಚ್ಚಿ ಪಡಿಯಚ್ಚು ತೆಗೆಯುತ್ತಿದ್ದರು. ಈಗಲೂ ತೆಗೆಯುತ್ತಾರೆ. ಅದನ್ನೂ ಒಂದು ದಿನ ನೋಡಬೇಕು ಅಂತ ಆಸೆ ಇದೆ.

ಗೀರಿನ ಹತ್ತಿರ ಸ್ಕ್ಯಾನರ್ ಹಿಡಿದವರು ಎರಡು ಸಲ ಹೆಚ್ಚು ಆಡಿಸಿದರು. ಏನೂ ಮಾತಾಡಲಿಲ್ಲ.

ಎರಡು ವಾರ ಆದ ಮೇಲೆ ಓದಿದ ಪಾಠ ಬಂತು. ಕಾಗದದ ಮೇಲೆ ಹದಿನಾಲ್ಕು ಸಾಲು. ಒಬ್ಬ ಗೌಡನ ಮಗ ಕೆರೆ ಕಟ್ಟಿಸಿ, ತೂಬು ಇಕ್ಕಿಸಿದ್ದಕ್ಕೆ ಅವನಿಗೆ ಕೆರೆಯ ಕೆಳಗೆ ಗದ್ದೆ ಕೊಟ್ಟ ಶಾಸನ. ಕಟ್ಟುಕೊಡಗೆ ಅನ್ನುತ್ತಾರಂತೆ ಅದಕ್ಕೆ. ಕೆರೆ ಕಟ್ಟಿದವರಿಗೆ, ನೋಡಿಕೊಳ್ಳುವವರಿಗೆ ಕೊಡುವ ಭೂಮಿ. ಯುದ್ಧದಲ್ಲಿ ಸತ್ತವರ ಮನೆಯವರಿಗೆ ಕೊಟ್ಟರೆ ನೆತ್ತರುಕೊಡಗೆ. ಎಂಥ ಮಾತುಗಳು! ಗದ್ದೆಯ ಅಳತೆ ಖಂಡುಗದಲ್ಲಿತ್ತು, ಅಂದರೆ ಎಷ್ಟು ಬೀಜ ಬಿತ್ತಬಹುದೋ ಅಷ್ಟು ನೆಲ. ಕೊನೆಗೆ, ಇದಕ್ಕೆ ತಪ್ಪಿದವರು ಗಂಗೆಯ ತಡಿಯಲ್ಲಿ ಕಪಿಲೆ ಹಸುವನ್ನು ಕೊಂದ ಪಾಪಕ್ಕೆ ಹೋಗುತ್ತಾರೆ ಅನ್ನುವ ಶಾಪ.

ಸಂವತ್ಸರದ ಹೆಸರು ಅರ್ಧ ಸಿಕ್ಕಿತ್ತು, ಶಕ ವರ್ಷದ ಅಂಕಿ ಸವೆದುಹೋಗಿತ್ತು. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮತ್ತೆ ಬರುತ್ತೆ, ಹಾಗಾಗಿ ಅದೊಂದರಿಂದ ವರ್ಷ ಹೇಳೋಕೆ ಆಗಲ್ಲ. ಅಕ್ಷರಗಳ ತಿರುವು ನೋಡಿ ಹದಿನೈದು ಹದಿನಾರನೇ ಶತಮಾನ ಅಂದರು.

ಮೂರನೇ ಸಾಲಿನ ಕೊನೆ: "ಗೌಡನ ಮಗ". ಅದಾದ ಮೇಲೆ ನಾಲ್ಕನೇ ಸಾಲಿನ ಮೊದಲಿಗೆ ಕೆರೆ ಕಟ್ಟಿಸಿದವನ ಹೆಸರು. ಅಲ್ಲೇ ಜೆಸಿಬಿ ಹಲ್ಲು. ತ್ರೀಡಿಯಲ್ಲೂ ಏನೂ ಬರಲಿಲ್ಲ. ಆ ಕಲ್ಲಿನ ಚಕ್ಕೆಯೇ ಎದ್ದು ಹೋಗಿತ್ತು. ಆಜುಬಾಜಿನ ಅಕ್ಷರಗಳ ಅಗಲ ಅಳೆದು ನೋಡಿ, ನಾಲ್ಕು ಅಕ್ಷರಕ್ಕೆ ಜಾಗ ಇದೆ ಅಂತ ಮಾತ್ರ ಹೇಳಿದರು. ನಾನು ಮಾರನೆ ದಿನ ಮಣ್ಣಿನ ಗುಡ್ಡೆಯಲ್ಲಿ ಆ ಚಕ್ಕೆ ಸಿಗುತ್ತದಾ ಅಂತ ಹುಡುಕಿದೆ. ಮಕ್ಕಳೂ ಹುಡುಕಿದರು. ಅಷ್ಟರಲ್ಲಿ ಎಷ್ಟೋ ಲೋಡು ಮಣ್ಣು ಲಾರಿಯಲ್ಲಿ ಹೋಗಿಬಿಟ್ಟಿತ್ತು. ಒಂದು ನಾಯಿಯ ಹೆಸರು ಸಾವಿರ ವರ್ಷ ಬಾಳಿದೆ. ನಮ್ಮ ಕೆರೆ ಕಟ್ಟಿದವನ ಹೆಸರು ನಮ್ಮ ಕಾಲದಲ್ಲಿ, ನಮ್ಮ ಮನೆಯಿಂದ ಮುನ್ನೂರು ಹೆಜ್ಜೆ ದೂರದಲ್ಲಿ ಹೋಯಿತು. ಇದನ್ನು ಬರೆಯುವಾಗಲೂ ಹೊಟ್ಟೆ ಉರಿಯುತ್ತೆ.

ಪಾಠ ಬಂದ ಭಾನುವಾರ ಹಳೇ ಊರಿನ ಅರಳಿಕಟ್ಟೆಯಲ್ಲಿ ಅದನ್ನು ಗಟ್ಟಿಯಾಗಿ ಓದಿದೆವು. ಊರಿನ ರಿಟೈರ್ಡ್ ಮೇಷ್ಟ್ರು ಓದಿದರು. ಮೂವತ್ತು ಜನ ಇದ್ದರು. ಕಟ್ಟುಕೊಡಗೆ ಅನ್ನುವ ಮಾತು ಬಂದಾಗ ಹಾಲಿನ ಅಜ್ಜಿ ಕೂತಲ್ಲಿಂದ, "ನಿಲ್ಸಿ ಮೇಷ್ಟ್ರೇ, ಏನಂದ್ರಿ?" ಅಂದರು. ಕೊಡಗೆ. "ಕೊಡಿಗೆ ಗದ್ದೆ ಅಂತಾನೆ ನಾವು ಕರೆಯೋದು! ಅಗೋ ಆ ಅಪಾರ್ಟ್‌ಮೆಂಟ್ ಐತಲ್ಲ, ಅದೇ ಕೊಡಿಗೆ ಗದ್ದೆ. ಅಲ್ಲೇ ನಾನು ನಾಟಿ ಹಾಕಿದ್ದು." ಯಾರಿಗೂ ಮಾತು ಬರಲಿಲ್ಲ. ಕಲ್ಲಿನಲ್ಲಿ ಇದ್ದದ್ದು ಆ ಅಜ್ಜಿಯ ಬಾಯಲ್ಲೂ ಇತ್ತು. ಐನೂರು ವರ್ಷ ಯಾರೋ ಒಬ್ಬರು ಇನ್ನೊಬ್ಬರಿಗೆ ಆ ಗದ್ದೆಯ ಹೆಸರು ಹೇಳುತ್ತಲೇ ಬಂದಿದ್ದಾರೆ, ಯಾಕೆ ಆ ಹೆಸರು ಅಂತ ಗೊತ್ತಿಲ್ಲದೆ. ಬೆಂಗಳೂರಲ್ಲಿ ಕೊಡಿಗೇಹಳ್ಳಿ ಅಂತ ಬಸ್ ಬೋರ್ಡ್ ನೋಡಿದಾಗೆಲ್ಲ ಈಗ ನನಗೆ ಈ ಅಜ್ಜಿ ನೆನಪಾಗುತ್ತಾರೆ.

ಆ ದಿನದಿಂದ ಕೆಲಸ ನನ್ನದಾಗಿ ಉಳಿಯಲಿಲ್ಲ, ಊರಿನದಾಯಿತು. ಹಾಗಂತ ಎಲ್ಲ ಸಲೀಸಾಗಿ ನಡೆಯಿತು ಅಂತಲ್ಲ. ಕಲ್ಲನ್ನು ಎಲ್ಲಿ ನಿಲ್ಲಿಸೋದು ಅನ್ನುವ ಮಾತು ಬಂತು. ಏರಿಯ ಉಳಿದ ತುಂಡೊಂದರ ಪಕ್ಕ ಸ್ವಲ್ಪ ಜಾಗ ಇತ್ತು. ಕಲ್ಲು ಇದ್ದ ಜಾಗಕ್ಕೆ ಹತ್ತಿರ, ಅಲ್ಲೇ ಇಡಬೇಕು ಅಂತ ನಮ್ಮ ಆಸೆ. ಕಲ್ಲಿನ ಮಾತೆಲ್ಲ ಆ ಕೆರೆಯದು, ಬೇರೆ ಕಡೆ ಸಾಗಿಸಿದರೆ ಅರ್ಧ ಅರ್ಥ ಹೋಗುತ್ತೆ. ಪಕ್ಕದ ಜಮೀನಿನವರು ಬೇಡ ಅಂದರು. "ನಾಳೆ ಪುರಾತತ್ವದವರು ಬಂದು ನೂರು ಮೀಟರ್ ಸುತ್ತ ಏನೂ ಕಟ್ಟಬೇಡಿ ಅಂತಾರೆ, ನಮ್ಮ ಸೈಟಿನ ಗತಿ ಏನು?" ಅವರ ಭಯ ಸುಳ್ಳಲ್ಲ. 2010ರ ತಿದ್ದುಪಡಿ ಆದ ಮೇಲೆ ನೂರು ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ, ಅದರಾಚೆ ಇನ್ನೂರು ಮೀಟರ್ ಅನುಮತಿ ಬೇಕು. ಆದರೆ ಅದು ಕೇಂದ್ರದವರು ರಕ್ಷಿತ ಅಂತ ಘೋಷಿಸಿದ ಸ್ಮಾರಕಗಳಿಗೆ ಮಾತ್ರ. ಊರವರು ಎತ್ತಿ ನಿಲ್ಲಿಸಿದ ಕಲ್ಲಿಗೆ ಅದು ತಾನಾಗಿ ಬರಲ್ಲ. ನಾನು ಕಾಯ್ದೆಯ ಪ್ರತಿ ಹಿಡಿದುಕೊಂಡು ಅವರ ಮನೆಗೆ ಮೂರು ಸಲ ಹೋದೆ. ಮೂರನೇ ಸಲ ಅವರ ಮಗಳು ಕಾಫಿ ಕೊಟ್ಟು, "ಅಪ್ಪ, ಹೆಬ್ಬಾಳದಲ್ಲಿ ನೋಡ್ಕೊಂಡು ಬರೋಣ ಬನ್ನಿ" ಅಂದಳು.

ಹೆಬ್ಬಾಳಕ್ಕೆ ಎಲ್ಲರೂ ಹೋದೆವು. ಅಲ್ಲಿ ಕಿತ್ತಯ್ಯ ಅನ್ನುವ ವೀರನ ಶಾಸನ ಇದೆ. ಗಂಗ ದೊರೆ ಶ್ರೀಪುರುಷನ ಕಾಲ, ಸುಮಾರು ಕ್ರಿ.ಶ. 750. 2018ರಲ್ಲಿ ಬೆಳಕಿಗೆ ಬಂದದ್ದು. ಅದರಲ್ಲಿ ಪೆರ್ಬೊಳಲು ಅಂತ ಊರಿನ ಹೆಸರಿದೆ, ಅದೇ ಸವೆದು ಹೆಬ್ಬಾಳ. ಅಲ್ಲಿನ ಜನರೇ ಮುಂದೆ ನಿಂತು ಅದಕ್ಕೊಂದು ಮಂಟಪ ಕಟ್ಟಿಸಿದ್ದಾರೆ. ಸುತ್ತ ಮನೆಗಳು ಮನೆಗಳಾಗಿಯೇ ಇವೆ. ನಮ್ಮ ಜಮೀನಿನವರು ಮಂಟಪದ ಸುತ್ತ ಒಂದು ಸುತ್ತು ಹಾಕಿ, ಎದುರು ಮನೆಯವರ ಹತ್ತಿರ ಏನೋ ಮಾತಾಡಿ ಬಂದು, "ಸರಿ, ಇಡಿ" ಅಂದರು. ನಾನು ಕಾಗದ ಹಿಡಿದು ಮೂರು ಸಲ ಹೇಳಿದ್ದಕ್ಕಿಂತ ಆ ಎದುರು ಮನೆಯವರ ಒಂದು ಮಾತು ಹೆಚ್ಚು ತೂಗಿತು. ಬರುವಾಗ ಬೇಗೂರಿಗೂ ಹೋಗೋಣ ಅಂತ ಅವರೇ ಕೇಳಿದರು. ಇನ್ನೊಂದು ಭಾನುವಾರ ಹೋದೆವು. ಅಲ್ಲಿ ನಾಗೇಶ್ವರ ದೇವಸ್ಥಾನದ ಆವರಣದಲ್ಲಿ ಇರುವ, ಸುಮಾರು 890ರ ಶಾಸನದಲ್ಲಿ "ಬೆಂಗಳೂರ ಕಾಳೆಗ" ಅಂತಿದೆ. ಬೆಂದಕಾಳಿನ ಕಥೆಗಿಂತ ಎಷ್ಟೋ ಮುಂಚೆಯೇ ಬೆಂಗಳೂರು ಅನ್ನುವ ಹೆಸರು ಇತ್ತು ಅಂತ ಆ ಕಲ್ಲು ಹೇಳುತ್ತೆ. ಅದರ ಮುಂದೆ ಅವರು ಚಪ್ಪಲಿ ಬಿಟ್ಟು ನಿಂತರು.

ಇಷ್ಟರ ನಡುವೆ ಒಂದು ರಾತ್ರಿ ಯಾರೋ ಕಲ್ಲಿನ ಕೆಳಗೆ ಅಗೆದಿದ್ದರು. ನಿಧಿ ಇರುತ್ತೆ ಅನ್ನುವ ನಂಬಿಕೆ. ಬೆಳಗ್ಗೆ ನೋಡಿದಾಗ ಕಲ್ಲು ಒಂದು ಕಡೆಗೆ ವಾಲಿತ್ತು, ಪುಣ್ಯಕ್ಕೆ ಮುರಿದಿರಲಿಲ್ಲ. ಅದಾದ ಮೇಲೆ ಮೇಷ್ಟ್ರು ಪಾಠವನ್ನು ಜೆರಾಕ್ಸ್ ಮಾಡಿಸಿ ಹೋಟೆಲು, ಕಟಿಂಗ್ ಶಾಪು, ಹಾಲಿನ ಡೈರಿ ಎಲ್ಲ ಕಡೆ ಅಂಟಿಸಿದರು. ಇದರಲ್ಲಿ ಬರೆದಿರುವುದು ಕೆರೆ, ತೂಬು, ಗದ್ದೆ ವಿಚಾರ, ನಿಧಿ ವಿಚಾರ ಒಂದಕ್ಷರವೂ ಇಲ್ಲ ಅಂತ ಕೆಳಗೆ ದಪ್ಪ ಅಕ್ಷರದಲ್ಲಿ ಬರೆದರು. ಮತ್ತೆ ಯಾರೂ ಅಗೆಯಲಿಲ್ಲ. ಕಲ್ಲಿನಲ್ಲಿ ಏನಿದೆ ಅಂತ ಜನಕ್ಕೆ ಗೊತ್ತಾಗೋದೇ ಅದಕ್ಕೆ ದೊಡ್ಡ ಕಾವಲು ಅಂತ ನನಗೆ ಅವತ್ತು ಖಾತ್ರಿ ಆಯಿತು.

ನಿಲ್ಲಿಸುವ ಕೆಲಸ ಮಾಡಿಸಿದ್ದು ಆಗಸ್ಟಿನಲ್ಲಿ. ಅದಕ್ಕೆ ಮುಂಚೆ ಇಂಟ್ಯಾಕ್‌ ಜೊತೆ ಕೆಲಸ ಮಾಡಿದ ಒಬ್ಬ ಆರ್ಕಿಟೆಕ್ಟ್ ಬಂದು ನೋಡಿ ಹೇಳಿದ್ದು ಕೆಲವು ಮಾತು. ಇಂಟ್ಯಾಕ್ ಅಂದರೆ 1984ರಲ್ಲಿ ಶುರುವಾದ, ಹಳೆ ಕಟ್ಟಡ, ಹಳೆ ಕಲೆ ಉಳಿಸುವ ಸಂಸ್ಥೆ, ಬೆಂಗಳೂರಲ್ಲೂ ಅವರ ಶಾಖೆ ಇದೆ. ಆಕೆ ಹೇಳಿದ್ದರಲ್ಲಿ ಮುಖ್ಯವಾದದ್ದು, ಕಲ್ಲಿನ ಬುಡಕ್ಕೆ ಕಾಂಕ್ರೀಟ್ ಸುರಿಯಬೇಡಿ. ಸಿಮೆಂಟಿನ ಉಪ್ಪು ತೇವದ ಜೊತೆ ಕಲ್ಲಿಗೆ ಏರುತ್ತೆ, ಮೇಲ್ಮೈ ಪುಡಿಯಾಗುತ್ತಾ ಬರುತ್ತೆ. ಅದೂ ಅಲ್ಲದೆ ನಾಳೆ ಯಾರಾದರೂ ತೆಗೆಯಬೇಕು ಅಂದರೆ ಕಲ್ಲು ಒಡೆಯದೆ ತೆಗೆಯೋಕೆ ಆಗಲ್ಲ. ಗುಂಡಿ ತೋಡಿ, ಮರಳು, ಜಲ್ಲಿ ಗಿಡಿದು ನಿಲ್ಲಿಸಿ, ಸುತ್ತ ಕಟ್ಟೆಗೆ ಗಾರೆ ಹಾಕಿ. ನೀರು ನಿಲ್ಲದ ಹಾಗೆ ಇಳಿಜಾರು ಕೊಡಿ. "ನಾವು ಮಾಡಿದ್ದನ್ನು ಮುಂದಿನವರು ಬಿಚ್ಚೋಕೆ ಆಗಬೇಕು" ಅಂದರು. ಆ ಮಾತು ನನಗೆ ಬಹಳ ಹಿಡಿಸಿತು.

ಲೆಕ್ಕ ಹಾಕಿದರೆ ಕಲ್ಲಿನ ತೂಕ ಆರು ಕ್ವಿಂಟಾಲಿಗೆ ಮೇಲೆ. ಚಿಕ್ಕ ಕ್ರೇನ್ ತರಿಸಿದೆವು. ಕ್ರೇನಿನವನು ಉಕ್ಕಿನ ಹಗ್ಗ ಹಾಕೋಕೆ ಬಂದ, ನಿಲ್ಲಿಸಿ ಬೆಲ್ಟ್ ತರಿಸಿದೆವು. ಗೋಣಿಚೀಲ ನಾಲ್ಕು ಮಡಿಕೆ ಮಾಡಿ ಅಂಚಿಗೆ ಕಟ್ಟಿದೆವು. ನೆಲ ಬಿಟ್ಟು ಒಂದಡಿ ಮೇಲೆ ಎದ್ದಾಗ ಕಲ್ಲು ನಿಧಾನಕ್ಕೆ ತಿರುಗಿತು, ಬರವಣಿಗೆ ಇದ್ದ ಮುಖ ಕ್ರೇನಿನ ಕಂಬದ ಕಡೆಗೆ. ನಾಲ್ಕು ಜನ ಗಂಡಸರು ಓಡಿ ಹೋಗಿ ಬೆನ್ನು ಕೊಟ್ಟು ತಡೆದರು. ಇಳಿಸಿ ನೋಡಿದರೆ ಗುಂಡಿ ಜಾಸ್ತಿ ಆಳ ಆಗಿ ಕೊನೆ ಎರಡು ಸಾಲು, ಆ ಶಾಪದ ಸಾಲುಗಳೇ, ಮಣ್ಣಿನೊಳಗೆ ಹೋಗುತ್ತಿದ್ದವು. ಮತ್ತೆ ಎತ್ತಿಸಿ, ತಳಕ್ಕೆ ಜಲ್ಲಿ ತುಂಬಿ, ಎರಡನೇ ಸಲ ಇಳಿಸಿದೆವು. ಮಧ್ಯಾಹ್ನ ಎರಡು ಗಂಟೆಗೆ ನೇರ ನಿಂತಿತು. ಅಜ್ಜಿ ಒಂದು ಬಿಂದಿಗೆ ನೀರು ತಂದು ಮೇಲಿಂದ ಹುಯ್ದರು. ಅಂದು ರಾತ್ರಿ ಮಳೆಯೂ ಬಂತು, ಆಗಸ್ಟ್ ಅಲ್ವಾ, ಬರುವ ಕಾಲವೇ. ಆದರೂ ಊರಲ್ಲಿ ಎಲ್ಲರೂ ಅದನ್ನೇ ಮಾತಾಡಿದರು.

ಖರ್ಚಿನ ವಿಚಾರ ಕೇಳುವವರಿಗೆ: ಕ್ರೇನ್, ಕಟ್ಟೆ, ಗಾರೆ, ಬೋರ್ಡು ಎಲ್ಲ ಊರಿನವರು, ಬಡಾವಣೆಯವರು ಮನೆಗಿಷ್ಟು ಅಂತ ಹಾಕಿದ್ದು. ಜಮೀನಿನವರು ಇಟ್ಟಿಗೆ ಕೊಟ್ಟರು. ಒಬ್ಬರೇ ದೊಡ್ಡ ಮೊತ್ತ ಕೊಡ್ತೀನಿ ಅಂತ ಬಂದಾಗ ಬೇಡ ಅಂದೆವು. ಆಗ ಅದು ಅವರ ಕಲ್ಲಾಗುತ್ತಿತ್ತು.

ಉಳಿದದ್ದು ಬೋರ್ಡು. ಶಾಸನದ ಪಾಠ, ಕೆಳಗೆ ಈಗಿನ ಕನ್ನಡದಲ್ಲಿ ಅರ್ಥ. ಇಲ್ಲಿ ಒಂದು ಜಗಳವೇ ಆಯಿತು. ಹೋದ ಹೆಸರಿನ ಜಾಗದಲ್ಲಿ ಏನು ಬರೆಯೋದು? ಊರಿನ ಒಂದು ಮನೆತನದವರು ತಮ್ಮ ಹಿರಿಯರ ಹೆಸರು ಬರೆಸಿ ಅಂದರು, ಅವರ ಮನೆಯಲ್ಲಿ ಕೆರೆ ಕಟ್ಟಿಸಿದ ಕಥೆ ಇದೆಯಂತೆ. ಇರಬಹುದು, ಅವರದೇ ಇರಬಹುದು. ಇನ್ನೊಬ್ಬರು ಸುಮ್ನೆ "ಗೌಡನ ಮಗ" ಅಂತ ಬರೆದು ಮುಂದಕ್ಕೆ ಹೋಗಿ, ಯಾರಿಗೂ ಗೊತ್ತಾಗಲ್ಲ ಅಂದರು. ಮೇಷ್ಟ್ರು ಒಪ್ಪಲಿಲ್ಲ. "ಕಲ್ಲಿನಲ್ಲಿ ಇಲ್ಲದ್ದನ್ನು ಬರೆಯಲ್ಲ, ಇದ್ದದ್ದು ಹೋಗಿದೆ ಅನ್ನೋದನ್ನು ಮುಚ್ಚಲ್ಲ" ಅಂದರು. ರಾತ್ರಿ ಹತ್ತರವರೆಗೆ ಮಾತಾಯಿತು. ಕೊನೆಗೆ ಆ ಮನೆತನದ ಹಿರಿಯರೇ ಎದ್ದು, ಮೇಷ್ಟ್ರು ಹೇಳಿದ ಹಾಗೆ ಆಗಲಿ ಅಂದರು.

ಬೋರ್ಡ್ ಬರೆಯುವವರು ಬಂದದ್ದು ಮಾರನೆ ಸೋಮವಾರ. ನಾನು ಅರ್ಧ ದಿನ ರಜೆ ಹಾಕಿ ಪಕ್ಕದಲ್ಲಿ ಕೂತಿದ್ದೆ. ಅಜ್ಜಿಯೂ ಹಾಲಿನ ಕ್ಯಾನ್ ಇಟ್ಟುಕೊಂಡು ಕೂತಿದ್ದರು. "ಗೌಡನ ಮಗ" ಬರೆದು ಬ್ರಷ್ ಎತ್ತಿ, "ಮುಂದಕ್ಕೆ ಮೇಡಂ?" ಅಂದರು. ಚುಕ್ಕಿ ಇಡಿ ಅಂದೆ. ಎಷ್ಟು ಅಂತ ಕೇಳಿದರು.

ನಾಲ್ಕು ಅಂದೆ. ಅಕ್ಷರದಷ್ಟೇ ಅಂತರ ಬಿಟ್ಟು, ನಿಧಾನಕ್ಕೆ, ನಾಲ್ಕು ಚುಕ್ಕಿ ಇಟ್ಟರು.